ದೂರದ ವಿದೇಶ ಪ್ರಯಾಣಕ್ಕೆ ಮುನ್ನ ಕಾಯಿಲೆ ಬೀಳುವ ಆತಂಕ: ಎಂಟು ವಾರಗಳ ಸಮಗ್ರ ಮಾರ್ಗದರ್ಶಿ

ದೂರದ ದೇಶಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಆರೋಗ್ಯದ ಸಿದ್ಧತೆಯನ್ನು ತಲೆಕೆಳಗಾದ ಕ್ರಮದಲ್ಲಿ ಮಾಡುತ್ತಾರೆ. ಲಸಿಕೆ, ವಿಮೆ, ಔಷಧಗಳ ಕಾಗದಪತ್ರ ಇವೆಲ್ಲಕ್ಕೂ ಬೇಕಾದಷ್ಟು ಸಮಯ ಇರುವಾಗ ಕಾಯಿಲೆಯ ವಿಚಾರ ಅವರ ಮನಸ್ಸಿಗೆ ಬರುವುದಿಲ್ಲ. ಹೊರಡಲು ಒಂದು ವಾರ ಉಳಿದಿರುವಾಗ, ಮಾಡಬಹುದಾದದ್ದು ಬಹಳ ಕಡಿಮೆ ಇರುವಾಗ, ಗಂಟೆಗೊಮ್ಮೆ ಕನ್ನಡಿಯ ಮುಂದೆ ನಿಂತು ಗಂಟಲು ನೋಡಿಕೊಳ್ಳಲು ಆರಂಭಿಸುತ್ತಾರೆ. ಆತಂಕ ಹುಟ್ಟುವುದು ತಪ್ಪಲ್ಲ. ಆದರೆ ಅದು ಕೇಳುವುದು ‘ಕಾಯಿಲೆ ಬೀಳುವುದೇ ಇಲ್ಲ’ ಎಂಬ ಖಾತರಿಯನ್ನು, ಅದನ್ನು ಯಾರೂ ಕೊಡಲಾರರು. ಕೊಡಬಹುದಾದದ್ದು ಎರಡು: ಸರಿಯಾದ ಕ್ರಮದಲ್ಲಿ ಮಾಡಿದ ಮುನ್ನೆಚ್ಚರಿಕೆ, ಮತ್ತು ಕಾಯಿಲೆ ಬಿದ್ದರೆ ಏನು ಮಾಡಬೇಕೆಂದು ಮೊದಲೇ ತೆಗೆದುಕೊಂಡ ನಿರ್ಧಾರ. ಈ ಎರಡರಲ್ಲಿ ನಿರ್ಧಾರವೇ ಮೊದಲು ಬರಬೇಕು. ಕೆಳಗಿನ ಕ್ರಮವನ್ನು ಹಾಗೆಯೇ ಜೋಡಿಸಿದ್ದೇನೆ.

ಬೇಕಾಗುವ ವಸ್ತುಗಳು

ಒಂದು ನೋಟ್‌ಬುಕ್, ನಂಬಿಕೆಗೆ ಅರ್ಹವಾದ ಒಂದು ಡಿಜಿಟಲ್ ಥರ್ಮಾಮೀಟರ್, ಈವರೆಗೆ ಹಾಕಿಸಿಕೊಂಡ ಲಸಿಕೆಗಳ ದಾಖಲೆ, ಈಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ, ಪ್ರವಾಸ ವಿಮೆಯ ಪೂರ್ಣ ಷರತ್ತುಗಳ ಪ್ರತಿ ಮತ್ತು ಒಂದು ಕ್ಯಾಲೆಂಡರ್. ಇಷ್ಟು ಸಾಕು. ರೋಗನಿರೋಧಕ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಮಾರುವ ಮಾತ್ರೆ, ಪುಡಿ, ಪಾನಕಗಳನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಹೊರಡುವ ಹೊತ್ತಿನಲ್ಲಿ ದೇಹಕ್ಕೆ ಅಭ್ಯಾಸವಿಲ್ಲದ ಹೊಸ ಪದಾರ್ಥ ಕೊಟ್ಟರೆ ಹೊಟ್ಟೆ ಕೆಡುವುದೋ ಅಲರ್ಜಿ ಆಗುವುದೋ ಸಾಧ್ಯ, ಆಮೇಲೆ ಅದೇ ಹೊಸ ಆತಂಕಕ್ಕೆ ಕಾರಣವಾಗುತ್ತದೆ.

1. ‘ಕಾಯಿಲೆ ಬಿದ್ದರೆ’ ಎಂಬ ಪುಟವನ್ನು ಮೊದಲು ಬರೆಯಿರಿ (ಎಂಟು ವಾರ ಮೊದಲು)

ಆತಂಕ ಬೆಳೆಯುವುದು ಉತ್ತರವಿಲ್ಲದ ಪ್ರಶ್ನೆಗಳಿಂದ. ಹೊರಡುವ ಹಿಂದಿನ ದಿನ ಜ್ವರ ಬಂದರೆ ಟಿಕೆಟ್ ಏನಾಗುತ್ತದೆ, ಹಣ ಎಷ್ಟು ಹೋಗುತ್ತದೆ, ಅಲ್ಲಿ ಕಾಯುತ್ತಿರುವವರಿಗೆ ಏನು ಹೇಳಬೇಕು, ಆ ದೇಶದಲ್ಲಿ ಆಸ್ಪತ್ರೆಗೆ ಸೇರಬೇಕಾದರೆ ಯಾರಿಗೆ ಕರೆ ಮಾಡಬೇಕು? ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಕೆಳಗೆ ನಿಜವಾದ ಉತ್ತರವನ್ನು ಹುಡುಕಿ ಬರೆಯಿರಿ. ಟಿಕೆಟ್‌ನ ದಿನಾಂಕ ಬದಲಾವಣೆಯ ನಿಯಮ, ಅದಕ್ಕೆ ತಗಲುವ ಶುಲ್ಕ, ವಸತಿಯನ್ನು ರದ್ದುಪಡಿಸಲು ಇರುವ ಕೊನೆಯ ದಿನ, ವಿಮಾ ಕಂಪನಿಯ ತುರ್ತು ದೂರವಾಣಿ ಸಂಖ್ಯೆ, ಇವೆಲ್ಲ ಆ ಪುಟದಲ್ಲಿರಬೇಕು. ನಷ್ಟದ ಮೊತ್ತವನ್ನು ಅಂಕಿಯಲ್ಲಿ ಕಂಡಾಗ ಅದು ದೊಡ್ಡದೇ ಆಗಿರಬಹುದು, ಆದರೂ ಮಿತಿಯಿರುವ ಒಂದು ಮೊತ್ತವಾಗಿರುತ್ತದೆ; ರಾತ್ರಿ ಎರಡು ಗಂಟೆಗೆ ಮನಸ್ಸು ಕಲ್ಪಿಸಿಕೊಳ್ಳುವ ನಷ್ಟಕ್ಕೆ ಮಿತಿಯೇ ಇರುವುದಿಲ್ಲ.

ಪ್ರವಾಸ ವಿಮೆಯನ್ನು ಟಿಕೆಟ್ ಕೊಂಡ ಕೂಡಲೇ ಕೊಳ್ಳಿರಿ. ಪ್ರಯಾಣ ರದ್ದಾದರೆ ಪರಿಹಾರ ಕೊಡುವ ವಿಮೆಗಳು ಸಾಮಾನ್ಯವಾಗಿ ವಿಮೆ ಕೊಂಡ ನಂತರ ಬಂದ ಕಾಯಿಲೆಯನ್ನು ಮಾತ್ರ ಪರಿಗಣಿಸುತ್ತವೆ. ಜ್ವರ ಬಂದ ಮೇಲೆ ಕೊಂಡ ವಿಮೆಯಿಂದ ಆ ಜ್ವರಕ್ಕೆ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ ಮುಂತಾಗಿ ಈಗಾಗಲೇ ಇರುವ ತೊಂದರೆಗಳನ್ನು ಮುಚ್ಚಿಡದೆ ಬರೆಯಬೇಕು, ಏಕೆಂದರೆ ಮುಚ್ಚಿಟ್ಟದ್ದು ಗೊತ್ತಾದರೆ ಸಂಬಂಧವಿಲ್ಲದ ಕಾಯಿಲೆಯ ಪರಿಹಾರಕ್ಕೂ ತಕರಾರು ಬರಬಹುದು.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಗಾಬರಿಯಲ್ಲಿ ಮೊದಲು ಟಿಕೆಟ್ ರದ್ದುಪಡಿಸಿ, ನಾಲ್ಕು ದಿನ ಬಿಟ್ಟು ವೈದ್ಯರ ಬಳಿ ಹೋಗುತ್ತಾರೆ. ಅಷ್ಟರಲ್ಲಿ ಜ್ವರ ಇಳಿದಿರುತ್ತದೆ, ‘ಆ ದಿನ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ’ ಎಂದು ಬರೆದುಕೊಡಲು ವೈದ್ಯರಿಗೆ ಆಧಾರ ಇರುವುದಿಲ್ಲ. ಮೊದಲು ವೈದ್ಯರು, ನಂತರ ಲಿಖಿತ ಪ್ರಮಾಣಪತ್ರ, ಆಮೇಲೆ ವಿಮಾ ಕಂಪನಿಗೆ ಕರೆ, ಕೊನೆಗೆ ರದ್ದತಿ. ಈ ಕ್ರಮವನ್ನೂ ಮೊದಲ ಪುಟದಲ್ಲೇ ಬರೆದಿಡಿ.

2. ವೈದ್ಯರ ಭೇಟಿ ಮತ್ತು ಲಸಿಕೆಗಳು (ಆರರಿಂದ ಎಂಟು ವಾರ ಮೊದಲು)

ಲಸಿಕೆ ಹಾಕಿಸಿಕೊಂಡ ದಿನವೇ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಈ ಹಂತಕ್ಕೆ ಇಷ್ಟು ಮುಂಚೆ ಏಕೆ ಹೋಗಬೇಕು ಎಂಬುದು ತಾನೇ ಅರ್ಥವಾಗುತ್ತದೆ. ಫ್ಲೂ ಲಸಿಕೆಯ ರಕ್ಷಣೆ ರೂಪುಗೊಳ್ಳಲು ಸುಮಾರು 2 ವಾರ ಬೇಕು. ಟೈಫಾಯ್ಡ್ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ 2 ವಾರ ಮೊದಲು ಹಾಕಿಸಿಕೊಳ್ಳಬೇಕು. ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಗೆ ಕೆಲವು ದೇಶಗಳು ಕೇಳುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಮೊದಲ ಬಾರಿ ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. 2016ರ ಜುಲೈ 11ರಿಂದ ಅದು ಜೀವನಪರ್ಯಂತ ಮಾನ್ಯ, ಹಳೆಯ ಪ್ರಮಾಣಪತ್ರವಿದ್ದವರೂ ಮತ್ತೆ ಹಾಕಿಸಿಕೊಳ್ಳಬೇಕಾಗಿಲ್ಲ. ಆದರೆ ತೀವ್ರವಾದ ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, 60 ವರ್ಷ ದಾಟಿದವರು ಈ ಲಸಿಕೆಯ ಬಗ್ಗೆ ವೈದ್ಯರ ಜೊತೆ ಪ್ರತ್ಯೇಕವಾಗಿ ಮಾತನಾಡಬೇಕು. ಚುಚ್ಚಿ ಕೊಡುವ ಜೀವಂತ ಲಸಿಕೆಗಳು (ದುರ್ಬಲಗೊಳಿಸಿದ ಜೀವಂತ ರೋಗಾಣುವಿನಿಂದ ಮಾಡಿದವು) ಎರಡು ಇದ್ದರೆ ಒಂದೇ ದಿನ ಹಾಕಿಸಿಕೊಳ್ಳಬೇಕು, ಇಲ್ಲವೇ ನಡುವೆ ಸಾಮಾನ್ಯವಾಗಿ 28 ದಿನಗಳ ಅಂತರ ಬಿಡಬೇಕು.

ಮಲೇರಿಯಾ ಇರುವ ಪ್ರದೇಶಕ್ಕೆ ಹೋಗುವವರು ತಡೆಮಾತ್ರೆಯನ್ನು ಯಾವಾಗ ಆರಂಭಿಸಬೇಕು ಎಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ. ಅಟೊವಾಕ್ವೋನ್–ಪ್ರೊಗ್ವಾನಿಲ್ ಮತ್ತು ಡಾಕ್ಸಿಸೈಕ್ಲಿನ್‌ಗಳನ್ನು 1ರಿಂದ 2 ದಿನ ಮೊದಲು ಆರಂಭಿಸಿದರೆ ಸಾಕು. ಮೆಫ್ಲೋಕ್ವಿನ್ ಅನ್ನು ಕನಿಷ್ಠ 2 ವಾರ ಮೊದಲೇ ಆರಂಭಿಸುತ್ತಾರೆ. ಮೆಫ್ಲೋಕ್ವಿನ್ ಕೆಲವರಲ್ಲಿ ಆತಂಕ, ಕೆಟ್ಟ ಕನಸು, ಖಿನ್ನತೆ ಉಂಟುಮಾಡುತ್ತದೆ. ಈಗಾಗಲೇ ಆತಂಕದಿಂದ ಬಳಲುವವರು ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು, ನಾಚಿಕೊಳ್ಳುವ ವಿಷಯ ಇದಲ್ಲ.

ಅದೇ ವಾರದಲ್ಲಿ ದಂತವೈದ್ಯರನ್ನೂ ಕಾಣಿರಿ. ಹುಳುಕು ಹಲ್ಲು ಅಥವಾ ಸಡಿಲಗೊಂಡ ಹಲ್ಲಿನ ತುಂಬುವಿಕೆ ವಿಮಾನದಲ್ಲಿ ಒತ್ತಡ ಬದಲಾಗುವಾಗ ತೀವ್ರವಾಗಿ ನೋಯಬಹುದು, ಪರದೇಶದಲ್ಲಿ ಹಲ್ಲಿನ ಚಿಕಿತ್ಸೆ ಅನೇಕ ವಿಮೆಗಳ ವ್ಯಾಪ್ತಿಯಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಲಸಿಕೆಗಳನ್ನು ಕೊನೆಯ ಮೂರು ದಿನಕ್ಕೆ ಉಳಿಸಿಕೊಳ್ಳಬೇಡಿ. ಲಸಿಕೆಯ ನಂತರ ಒಂದೆರಡು ದಿನ ಬರುವ ಮೈಕೈ ನೋವು, ಸಣ್ಣ ಜ್ವರ ಸಹಜ. ಆದರೆ ಹೊರಡುವ ಹಿಂದಿನ ರಾತ್ರಿ ಅದೇ ಜ್ವರ ಬಂದರೆ ಲಸಿಕೆಯದೋ ಸೋಂಕಿನದೋ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

3. ಔಷಧಗಳು ಮತ್ತು ಕಾಗದಪತ್ರ (ನಾಲ್ಕು ವಾರ ಮೊದಲು)

ನಿತ್ಯ ಸೇವಿಸುವ ಔಷಧಗಳನ್ನು ಪ್ರವಾಸದ ಅವಧಿಗಿಂತ ಕನಿಷ್ಠ ಒಂದು ವಾರ ಹೆಚ್ಚಿಗೆ ಬರುವಷ್ಟು, ಅವುಗಳ ಮೂಲ ಪೊಟ್ಟಣದಲ್ಲೇ ಇಟ್ಟುಕೊಳ್ಳಿರಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ, ಏಕೆಂದರೆ ಬ್ರ್ಯಾಂಡಿನ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇವೆಲ್ಲ ವಿಮಾನದೊಳಗೆ ಒಯ್ಯುವ ಕೈಚೀಲದಲ್ಲಿರಬೇಕು. ಲಗೇಜ್ ತಪ್ಪಿಹೋದರೆ ಔಷಧವೂ ಹೋಗುತ್ತದೆ, ಇನ್ಸುಲಿನ್ ಆದರೆ ಸರಕಿನ ಭಾಗದ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು.

ಒಂದು ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಔಷಧಕ್ಕೆ ಇನ್ನೊಂದು ದೇಶದಲ್ಲಿ ನಿರ್ಬಂಧವಿರಬಹುದು. ಜಪಾನ್, ಮೂಗಿನ ಕಟ್ಟು ಬಿಡಿಸುವ ಸೂಡೋಎಫೆಡ್ರಿನ್ ಪ್ರಮಾಣ ಹೆಚ್ಚಿರುವ ಶೀತದ ಮಾತ್ರೆಗಳನ್ನು ಒಳಗೆ ಬಿಡುವುದಿಲ್ಲ. ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ಕೋಡಿನ್, ಟ್ರಮಡಾಲ್‌ನಂಥ ನೋವುನಿವಾರಕಗಳು ನಿಯಂತ್ರಿತ ಪಟ್ಟಿಯಲ್ಲಿವೆ. ಹೋಗುವ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ಈ ಹಂತದಲ್ಲೇ ನೋಡಬೇಕು, ಏಕೆಂದರೆ ಅನುಮತಿ ಪತ್ರ ಬೇಕಾದರೆ ಅದು ಬರಲು ವಾರಗಳೇ ಹಿಡಿಯಬಹುದು. ಇವುಗಳ ಜೊತೆಗೆ ಓಆರ್‌ಎಸ್ ಪುಡಿ, ಪ್ಯಾರಾಸಿಟಮಾಲ್, ಬ್ಯಾಂಡೇಜ್ ಮತ್ತು ಥರ್ಮಾಮೀಟರ್ ಇದ್ದರೆ ಸಣ್ಣ ತೊಂದರೆಗಳಿಗೆ ಸಾಕು.

4. ಕೊನೆಯ ಎರಡು ವಾರಗಳ ಎಚ್ಚರಿಕೆ

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಎಷ್ಟು ಕಾಲ ಬೇಕು ಎಂಬ ಲೆಕ್ಕ ತಿಳಿದಿದ್ದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಸಾಮಾನ್ಯ ಶೀತ ಹೆಚ್ಚಾಗಿ ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಫ್ಲೂಗೆ 1ರಿಂದ 4 ದಿನ. ವಾಂತಿ ಭೇದಿ ತರುವ ನೋರೋವೈರಸ್‌ಗೆ 12ರಿಂದ 48 ಗಂಟೆ. ಅಂದರೆ ಮೂರು ವಾರದ ಹಿಂದೆ ಪಕ್ಕದಲ್ಲಿ ಕೆಮ್ಮಿದವರನ್ನು ನೆನೆದು ಇಂದು ಭಯಪಡುವುದರಲ್ಲಿ ಅರ್ಥವಿಲ್ಲ, ಆ ಶೀತ ಬರುವುದಿದ್ದರೆ ಬಂದು ಹೋಗಿರುತ್ತಿತ್ತು. ನಿಜವಾಗಿ ಎಚ್ಚರ ಬೇಕಾದದ್ದು ಕೊನೆಯ ಏಳೆಂಟು ದಿನಗಳಲ್ಲಿ. ಎರಡು ತಿಂಗಳಿಂದ ಮನೆಯೊಳಗೆ ಕೂತು ದಣಿಯುವ ಬದಲು, ಆ ಏಳೆಂಟು ದಿನಗಳಿಗೆ ಶಿಸ್ತನ್ನು ಮೀಸಲಿಡಬೇಕು.

ಆ ದಿನಗಳಲ್ಲಿ ಗಾಳಿಯಾಡದ ಕಿಕ್ಕಿರಿದ ಜಾಗಗಳನ್ನು ತಪ್ಪಿಸಿ. ತಪ್ಪಿಸಲಾಗದಿದ್ದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಧರಿಸಿ. ಬೀಳ್ಕೊಡುವ ಭೇಟಿಗಳನ್ನು ಸಾಧ್ಯವಾದರೆ ಹತ್ತು ದಿನ ಮೊದಲೇ ಮುಗಿಸಿಕೊಳ್ಳಿ, ಉಳಿದವನ್ನು ತೆರೆದ ಜಾಗದಲ್ಲಿ ಇಟ್ಟುಕೊಳ್ಳಿ. ಜ್ವರ, ಕೆಮ್ಮು ಇರುವವರ ಮನೆಗೆ ‘ಹೋಗಿಬಂದ ಮೇಲೆ ಬರುತ್ತೇನೆ’ ಎಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊಟಕ್ಕೆ ಮುಂಚೆ ಮತ್ತು ಹೊರಗಿನಿಂದ ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈತೊಳೆಯಿರಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇ. 60ರಷ್ಟು ಆಲ್ಕೊಹಾಲ್ ಇರಬೇಕು, ಆದರೂ ನೋರೋವೈರಸ್ ಮೇಲೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅಲ್ಲಿ ಸೋಪು ನೀರೇ ಬೇಕು.

ನಿದ್ದೆಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಹೊರಡುವ ವಾರದಲ್ಲಿ ಎಲ್ಲರೂ ಮೊದಲು ಬಿಟ್ಟುಕೊಡುವುದು ಅದನ್ನೇ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 164 ಸ್ವಯಂಸೇವಕರ ಮೂಗಿಗೆ ಶೀತದ ವೈರಸ್ ಹನಿಸಿ ನೋಡಿದಾಗ, ರಾತ್ರಿ 6 ಗಂಟೆಗಿಂತ ಕಡಿಮೆ ನಿದ್ದೆ ಮಾಡಿದವರಿಗೆ, 7 ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದವರಿಗಿಂತ ಶೀತ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಮೀರಿತ್ತು. ಪೆಟ್ಟಿಗೆ ಕಟ್ಟುವ ಕೆಲಸವನ್ನು ಹೊರಡುವ ಮೂರು ದಿನ ಮೊದಲು ಮುಗಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಹೊಸ ವ್ಯಾಯಾಮ, ಉಪವಾಸ, ಇದುವರೆಗೆ ತಿನ್ನದ ಆಹಾರ, ಯಾವುದನ್ನೂ ಈ ಅವಧಿಯಲ್ಲಿ ಆರಂಭಿಸಬೇಡಿ.

ಮುನ್ನೆಚ್ಚರಿಕೆ ಎಂದು ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ನುಂಗುವುದು ಇನ್ನೊಂದು ದೊಡ್ಡ ತಪ್ಪು. ನನ್ನ ಮೊದಲ ದೀರ್ಘ ಪ್ರಯಾಣಕ್ಕೆ ನಾಲ್ಕು ದಿನ ಇರುವಾಗ ಗಂಟಲು ಕೆರೆಯಿತೆಂದು ನಾನೂ ಹಾಗೆ ಮಾಡಿದೆ. ಗಂಟಲಿನ ಕೆರೆತ ಅದರ ಪಾಡಿಗೆ ಹೋಯಿತು, ಮಾತ್ರೆಯಿಂದ ಶುರುವಾದ ಭೇದಿಯೊಂದಿಗೆ ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂತೆ. ಶೀತ, ಫ್ಲೂ ಎರಡೂ ವೈರಸ್‌ನಿಂದ ಬರುವಂಥವು, ಆ್ಯಂಟಿಬಯಾಟಿಕ್ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ.

5. ಆತಂಕವನ್ನೇ ನಿಭಾಯಿಸುವ ದಿನಚರಿ

ಇಲ್ಲಿಯವರೆಗಿನ ಹಂತಗಳನ್ನು ಮುಗಿಸಿದವರೂ ಸೋಲುವುದು ಇಲ್ಲಿ. ಕಾರಣ ಸರಳ: ದೇಹವನ್ನು ಗಮನಿಸಿದಷ್ಟೂ ಅದರಲ್ಲಿ ಏನಾದರೊಂದು ಸಿಗುತ್ತದೆ. ಗಂಟಲು ನೋಯುತ್ತಿದೆಯೇ ಎಂದು ಪರೀಕ್ಷಿಸಲು ಹತ್ತು ಸಲ ಉಗುಳು ನುಂಗಿದರೆ ಗಂಟಲು ಒಣಗಿ ನಿಜವಾಗಿಯೂ ನೋಯಲು ಆರಂಭಿಸುತ್ತದೆ. ಆತಂಕದಿಂದಲೇ ಎದೆ ಬಡಿತ ಹೆಚ್ಚುವುದು, ಹೊಟ್ಟೆ ತೊಳಸುವುದು, ಭೇದಿಯಾಗುವುದು, ಕೈಕಾಲು ಸೋಲುವುದು ಉಂಟು. ಅವುಗಳನ್ನು ಕಾಯಿಲೆಯ ಸುಳಿವೆಂದು ತಿಳಿದರೆ ಆತಂಕ ಇನ್ನಷ್ಟು ಬೆಳೆಯುತ್ತದೆ, ಲಕ್ಷಣವೂ ಅದರ ಜೊತೆಗೆ ಬೆಳೆಯುತ್ತದೆ.

ಆದ್ದರಿಂದ ಪರೀಕ್ಷೆಗೆ ಒಂದು ಮಿತಿ ಹಾಕಿಕೊಳ್ಳಿ. ಮೈಬಿಸಿಯನ್ನು ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಆರೋಗ್ಯವಂತರ ಮೈಬಿಸಿಯೂ ದಿನದೊಳಗೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಏರಿಳಿಯುತ್ತದೆ, ಬೆಳಗಿನ ಜಾವ ಕಡಿಮೆ ಇದ್ದು ಸಂಜೆಗೆ ಹೆಚ್ಚುತ್ತದೆ. ಇದನ್ನು ತಿಳಿಯದೆ ಬೆಳಿಗ್ಗೆಯೂ ಸಂಜೆಯೂ ನೋಡಿದವರು ‘ಜ್ವರ ಏರುತ್ತಿದೆ’ ಎಂದು ಪ್ರತಿದಿನವೂ ಹೆದರುತ್ತಾರೆ. ಜ್ವರವೆಂದು ಲೆಕ್ಕ ಹಿಡಿಯಬೇಕಾದದ್ದು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ.

ಎರಡನೆಯದಾಗಿ, ಚಿಂತೆಗೆಂದೇ ದಿನದಲ್ಲಿ ಇಪ್ಪತ್ತು ನಿಮಿಷ ಗೊತ್ತುಪಡಿಸಿ. ಮಲಗುವ ಹೊತ್ತಿಗೆ ಹತ್ತಿರದ ಸಮಯ ಬೇಡ, ಸಂಜೆ ಐದೋ ಆರೋ ಆಗಬಹುದು. ಬೇರೆ ವೇಳೆಯಲ್ಲಿ ಯೋಚನೆ ಬಂದರೆ ಅದನ್ನು ಒಂದು ಸಾಲಿನಲ್ಲಿ ಬರೆದು ಸಂಜೆಗೆ ಮುಂದೂಡಿ. ಯೋಚನೆಯನ್ನು ಬಲವಂತವಾಗಿ ಹತ್ತಿಕ್ಕುವುದಕ್ಕಿಂತ ಮುಂದೂಡುವುದು ಸುಲಭ. ಆ ಇಪ್ಪತ್ತು ನಿಮಿಷದಲ್ಲಿ ಬರೆದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದರ ಬಗ್ಗೆ ನಾನು ಮಾಡಬಹುದಾದ ಕೆಲಸ ಏನಾದರೂ ಉಳಿದಿದೆಯೇ? ಇದ್ದರೆ ಕ್ಯಾಲೆಂಡರ್‌ನಲ್ಲಿ ದಿನ ಹಾಕಿ. ಇಲ್ಲದಿದ್ದರೆ ಮೊದಲ ಪುಟದ ಉತ್ತರವನ್ನು ಓದಿ ನೋಟ್‌ಬುಕ್ ಮುಚ್ಚಿ. ಲಕ್ಷಣಗಳನ್ನು ಇಂಟರ್ನೆಟ್‌ನಲ್ಲಿ ಹುಡುಕುವುದನ್ನು ಪೂರ್ತಿ ನಿಲ್ಲಿಸಿ. ಸಂದೇಹವಿದ್ದರೆ ವೈದ್ಯರಿಗೆ ಕರೆ ಮಾಡಿ, ಮನೆಯವರನ್ನು ‘ನನಗೆ ಜ್ವರ ಇದ್ದ ಹಾಗೆ ಕಾಣುತ್ತಿದೆಯೇ’ ಎಂದು ಪದೇ ಪದೇ ಕೇಳುವುದೂ ಬೇಡ, ಅವರ ಸಮಾಧಾನದ ಮಾತು ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಈ ಭಯಕ್ಕಾಗಿ ಹಿಂದೆಯೂ ಪ್ರಯಾಣ ರದ್ದುಪಡಿಸಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣುವುದು ಅಗತ್ಯ. ಕಾಯಿಲೆಯ ಭಯಕ್ಕೆ ಪರಿಣಾಮಕಾರಿಯಾದ ಮಾತಿನ ಚಿಕಿತ್ಸೆ ಇದೆ. ಅದಕ್ಕೂ ಕೆಲವು ವಾರ ಬೇಕಾಗುವುದರಿಂದ ಎಂಟು ವಾರ ಮೊದಲೇ ಹೋಗುವುದು ಲೇಸು. ನಿದ್ದೆಯ ಮಾತ್ರೆಯನ್ನು ಮೊತ್ತಮೊದಲ ಬಾರಿಗೆ ವಿಮಾನದಲ್ಲಿ ಪ್ರಯೋಗಿಸಬೇಡಿ, ಮದ್ಯದ ಜೊತೆಗಂತೂ ಎಂದಿಗೂ ಬೇಡ.

6. ಲಕ್ಷಣ ನಿಜವಾಗಿಯೂ ಕಾಣಿಸಿಕೊಂಡರೆ

ಮೊದಲು ಸಮಯವನ್ನು ಬರೆದುಕೊಳ್ಳಿ. ಆತಂಕದ ಲಕ್ಷಣ ಬೇರೊಂದು ಕೆಲಸದಲ್ಲಿ ಮುಳುಗಿದಾಗ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಸೋಂಕಿನದು ಗಮನ ಕೊಡದಿದ್ದರೂ ಮುಂದುವರಿದು ಒಂದು ದಿನದೊಳಗೆ ಸ್ಪಷ್ಟವಾಗುತ್ತದೆ. ಕೆಳಗೆ ಹೇಳುವ ಅಪಾಯದ ಸೂಚನೆಗಳು ಇಲ್ಲದಿದ್ದರೆ ಆ ಒಂದು ದಿನ ಕಾಯಬಹುದು.

ಜ್ವರವಿಲ್ಲದ ಸಣ್ಣ ಶೀತವಾದರೆ ಹೆಚ್ಚಿನವರು ಮಾಸ್ಕ್ ಧರಿಸಿ ಪ್ರಯಾಣ ಮಾಡಬಹುದು. ಮೂಗು ಕಟ್ಟಿದ್ದರೆ ವಿಮಾನ ಇಳಿಯುವಾಗ ಕಿವಿ ನೋಯುತ್ತದೆ. ವೈದ್ಯರು ಒಪ್ಪಿದರೆ ಇಳಿಯಲು ಆರಂಭಿಸುವ ಸುಮಾರು ಅರ್ಧ ಗಂಟೆ ಮೊದಲು ಮೂಗಿನ ಕಟ್ಟು ಬಿಡಿಸುವ ಸ್ಪ್ರೇ ಬಳಸಬಹುದು, ಇಳಿಯುವಾಗ ಎಚ್ಚರವಿದ್ದು ಆಗಾಗ ನುಂಗಬೇಕು. ಆ ಸ್ಪ್ರೇಯನ್ನು ಸತತವಾಗಿ ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಕಿವಿಯಲ್ಲಿ ನೋವಿದ್ದರೆ, ಸೈನಸ್ ಸೋಂಕಿನಿಂದ ಮುಖ ಭಾರವಾಗಿ ನೋಯುತ್ತಿದ್ದರೆ ವೈದ್ಯರು ನೋಡದೆ ವಿಮಾನ ಹತ್ತಬೇಡಿ.

38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರವಿದ್ದರೆ, ಮಾತ್ರೆಯ ಸಹಾಯವಿಲ್ಲದೆ 24 ಗಂಟೆ ಜ್ವರ ಬಾರದಿರುವವರೆಗೆ ಹೊರಡಬೇಡಿ. ಪ್ಯಾರಾಸಿಟಮಾಲ್ ನುಂಗಿ ಥರ್ಮಾಮೀಟರ್ ನೋಡಿ ‘ಜ್ವರವಿಲ್ಲ’ ಎಂದುಕೊಳ್ಳುವುದು ತನ್ನನ್ನೂ ಪಕ್ಕದ ಸೀಟಿನವರನ್ನೂ ವಂಚಿಸಿದ ಹಾಗೆ. ಆ ಮಾತ್ರೆಯ ಬಗ್ಗೆ ಇನ್ನೊಂದು ಎಚ್ಚರಿಕೆ: ಶೀತದ ಸಂಯುಕ್ತ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುವುದರಿಂದ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು, ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ವಾಂತಿ ಭೇದಿಯಾದರೆ ಕೊನೆಯ ಸಲ ಆದ ಮೇಲೆ 48 ಗಂಟೆ ಕಾಯುವುದು ಒಳ್ಳೆಯದು. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳಿಕೆ ಕಟ್ಟಬೇಕು.

ಇತ್ತೀಚೆಗೆ ಶಸ್ತ್ರಚಿಕಿತ್ಸೆ, ಹೃದಯಾಘಾತ ಆಗಿದ್ದವರು, ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ವಿಮಾನಯಾನ ಸಂಸ್ಥೆಯ ವೈದ್ಯಕೀಯ ಅನುಮತಿ ಪಡೆಯಬೇಕಾಗಬಹುದು. ಅದರ ಅರ್ಜಿಗೆ ಉತ್ತರ ಬರಲು ಕೆಲವು ದಿನಗಳೇ ಬೇಕು, ಹೊರಡುವ ದಿನ ಕೌಂಟರಿನಲ್ಲಿ ಕೇಳಿದರೆ ತಡವಾಗಿರುತ್ತದೆ.

ಅಪಾಯದ ಸೂಚನೆಗಳು

ಉಸಿರಾಟದ ತೊಂದರೆ, ಎದೆನೋವು, ಕುತ್ತಿಗೆ ಬಿಗಿತದೊಂದಿಗೆ ತೀವ್ರ ತಲೆನೋವು, ಮಂಪರು ಅಥವಾ ಗೊಂದಲ, ಮಲದಲ್ಲಿ ರಕ್ತ, ಮೂರು ದಿನ ದಾಟಿದ ಜ್ವರ, ನೀರೂ ನಿಲ್ಲದಷ್ಟು ವಾಂತಿ, ಎಂಟು ಗಂಟೆಯಿಂದ ಮೂತ್ರವೇ ಆಗದಿರುವುದು, ಒಂದೇ ಕಾಲು ಊದಿಕೊಂಡು ನೋಯುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಪ್ರಯಾಣದ ಲೆಕ್ಕಾಚಾರವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ‘ಇದೂ ಆತಂಕವೇ ಇರಬೇಕು’ ಎಂದು ಇವುಗಳನ್ನು ತಳ್ಳಿಹಾಕುವ ಅಧಿಕಾರ ವೈದ್ಯರಿಗೆ ಮಾತ್ರ ಇದೆ.

7. ಹೊರಡುವ ದಿನ ಮತ್ತು ವಿಮಾನದಲ್ಲಿ

ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಮಾತ್ರ. ಹಾಗಾಗಿ ಕೆಲವು ಗಂಟೆಗಳ ನಂತರ ಗಂಟಲು, ಮೂಗು, ಕಣ್ಣು ಒಣಗಿ ಉರಿಯುವುದು ಸಹಜ. ಇದನ್ನು ಮೊದಲೇ ತಿಳಿದಿದ್ದರೆ ಮಧ್ಯದಾರಿಯಲ್ಲಿ ಗಾಬರಿಯಾಗುವುದಿಲ್ಲ. ನೀರನ್ನು ಆಗಾಗ ಸ್ವಲ್ಪ ಸ್ವಲ್ಪವೇ ಕುಡಿಯಿರಿ. ದೊಡ್ಡ ವಿಮಾನಗಳಲ್ಲಿ ಮರುಬಳಕೆಯಾಗುವ ಗಾಳಿ ಹೆಪಾ ಫಿಲ್ಟರ್ ಮೂಲಕ ಹಾದುಬರುತ್ತದೆ, ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ. ಹೆಚ್ಚಿನ ಅಪಾಯ ಇರುವುದು ತೀರ ಹತ್ತಿರ ಕೂತವರಿಂದ ಮತ್ತು ವಿಮಾನ ಹತ್ತುವ, ಇಳಿಯುವ ಸಾಲುಗಳಲ್ಲಿ, ಆದ್ದರಿಂದ ಮಾಸ್ಕ್ ಹೆಚ್ಚು ಬೇಕಾಗುವುದು ಅಲ್ಲಿ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುವುದರಿಂದ ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಅವಕಾಶ ಸಿಕ್ಕಾಗ ಎದ್ದು ನಡೆಯಿರಿ.

ತಲುಪಿದ ಮೊದಲ ಎರಡು ಮೂರು ದಿನ ತಲೆಭಾರ, ಅಜೀರ್ಣ, ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾಗುವುದು ವೇಳೆಯ ವ್ಯತ್ಯಾಸದಿಂದ ಬರುತ್ತವೆ. ದಿನಕ್ಕೊಮ್ಮೆ ಮೈಬಿಸಿ ಬರೆಯುವ ಅಭ್ಯಾಸವನ್ನು ಈ ದಿನಗಳಲ್ಲೂ ಮುಂದುವರಿಸಿ, ಆಮೇಲೆ ನಿಲ್ಲಿಸಿಬಿಡಿ. ಮಲೇರಿಯಾ ಇರುವ ಪ್ರದೇಶಕ್ಕೆ ಹೋದವರು ಮಾತ್ರ ತಡೆಮಾತ್ರೆಯನ್ನು ಹಿಂದಿರುಗಿದ ಮೇಲೂ ಮುಂದುವರಿಸಬೇಕು, ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ 7 ದಿನ, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೋಕ್ವಿನ್ ಆದರೆ 4 ವಾರ. ಮುಂದಿನ ಒಂದು ವರ್ಷದೊಳಗೆ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಂಡು, ಹೋಗಿಬಂದ ದೇಶದ ಹೆಸರನ್ನು ಅವರು ಕೇಳುವ ಮೊದಲೇ ಹೇಳಬೇಕು.